ಬೂಷ್ಟಿಗೆ ಮದ್ದು ನಾಟದಿದ್ದರೆ ಅಪರಾಧ ಬಡವನದಲ್ಲ

ಕಳೆದ ತಿಂಗಳು ಕಲ್ಲೋಳಿಯಲ್ಲಿ ಸಭೆ ಮುಗಿಸಿ ಹನುಮಪ್ಪನ ಗುಡಿಯ ಕಡೆಯಿಂದ ಹೊರಟಿದ್ದಾಗ ನೂಲಿನ ಗಿರಣಿಯ ಕಾಮಗಾರರೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. ಅಂಗಿಯ ಕಿಸೆಯಿಂದ, ಹಿಂಡಿ ಹಿಂಡಿ ಚಪ್ಪಟೆಯಾದ ಮುಲಾಮಿನ ಟ್ಯೂಬೊಂದನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು.

“ಮಾಸ್ತರ, ಇದು ನಾಕನೇದ್ದು ನೋಡ್ರಿ. ಹಚ್ಚಿದಾಗ ತಣ್ಣಗ ಆಗತೈತಿ, ಬಿಟ್ಟ ಎಂಟ ದಿನಕ್ಕ ಮತ್ತ ಏಳತೈತಿ. ಕೇಳಿದ್ರ, ನೀವು ಸ್ವಚ್ಛ ಇರೂದಿಲ್ಲ ಅಂತಾರ. ದಿನಾ ಎರಡ ಸಲ ಜಳಕಾ ಮಾಡತೀನ್ರಿ ನಾ.”

ಅವರ ಜೊತೆಗಿದ್ದ ತಾಯಿಗೆ ಸಕ್ಕರೆ ಕಾಯಿಲೆ. ಆಕೆಯ ಬಾಯೊಳಗೆ ಬಿಳಿ ಪೊರೆ ಕಟ್ಟಿ ರೊಟ್ಟಿ ನುಂಗಲಾಗುತ್ತಿಲ್ಲ. ಗುಳಿಗೆ ನುಂಗಿದಾಗ ಹೋಗುತ್ತದೆ, ಮತ್ತೆ ಬರುತ್ತದೆ. ಆಕೆಗೂ ಹೇಳಿದ್ದು ಅದೇ ಮಾತು: ಸ್ವಚ್ಛ ಇರಬೇಕು.

ಈ ಮಾತನ್ನು ನಾವು ಹಾಗೆಯೇ ಬಿಡುವಂತಿಲ್ಲ. ಬಡವನ ಮೈಮೇಲೆ ರೋಗ ಬಂದು ಕುಳಿತಾಗಲೆಲ್ಲ ಅವನ ಕೊಳಕಿನ ಕಡೆಗೆ ಬೆರಳು ಮಾಡುವುದು ಉಳ್ಳವರ ಹಳೆಯ ಪಾಠ. ಆ ಪಾಠವನ್ನು ನಾವೂ ಒಪ್ಪಿಸಿದ್ದೇವೆ. ಮಾಸ್ತರಿಕೆ ಮಾಡುತ್ತಿದ್ದಾಗ, ಕುತ್ತಿಗೆಯ ಮೇಲೆ ಚಿಬ್ಬು ಎದ್ದ ಹುಡುಗನೊಬ್ಬನನ್ನು ಹಿಂದಿನ ಸಾಲಿಗೆ ಕಳಿಸಿ, “ಜಳಕ ಮಾಡಿ ಬಾ” ಎಂದು ಎಲ್ಲರೆದುರು ಗದರಿಸಿದ್ದೆವು. ಚಿಬ್ಬು ಬರುವುದು ಮಲಸ್ಸೇಜಿಯಾ ಎಂಬ ಯೀಸ್ಟಿನಿಂದ. ಆ ಯೀಸ್ಟು ಹೆಚ್ಚುಕಡಿಮೆ ಎಲ್ಲರ ಚರ್ಮದ ಮೇಲೂ, ಕಲೆಕ್ಟರ ಸಾಹೇಬರ ಚರ್ಮದ ಮೇಲೂ ವಾಸವಾಗಿರುತ್ತದೆ. ಸೆಕೆ ಬೆವರು ಹೆಚ್ಚಿದಲ್ಲಿ ತಾನೂ ಹೆಚ್ಚುತ್ತದೆ. ಇದು ಆಗ ನಮಗೆ ಗೊತ್ತಿರಲಿಲ್ಲ. ಆ ಹುಡುಗನಿಗೆ ನಾವು ಸಾಲಗಾರರು. ಈ ಲೇಖನ ಆ ಸಾಲದ ಒಂದು ಕಂತೆಂದು ವಾಚಕರು ತಿಳಿಯಬೇಕು.

ಯೀಸ್ಟೆಂದರೆ ಬೂಷ್ಟಿನ ಕುಲಕ್ಕೆ ಸೇರಿದ, ಒಂದೇ ಕಣದ ಸಣ್ಣ ಜೀವಿ. ಪಾವು ಉಬ್ಬಿಸುವುದೂ ಸೇಂದಿ ಹುಳಿಸುವುದೂ ಅದರದೇ ಜಾತಿ. ಕ್ಯಾಂಡಿಡಾ ಎಂಬ ಯೀಸ್ಟು ಆರೋಗ್ಯವಂತರ ಬಾಯಿ ಕರುಳುಗಳಲ್ಲಿಯೂ ಸುಮ್ಮನೆ ಇರುತ್ತದೆ. ಸಕ್ಕರೆ ಕಾಯಿಲೆ, ಹಸುಗೂಸಿನ ಎಳೆತನ, ಬಸಿರು, ದೀರ್ಘ ಜಡ್ಡು ಇವು ಮೈಯ ಕಾವಲನ್ನು ಸಡಿಲಿಸಿದಾಗ ಅದು ರೋಗವಾಗುತ್ತದೆ. ಬಾಯಲ್ಲಿ ಪೊರೆ ಕಟ್ಟಿದರೆ ಉಣಲಾಗದು. ಹೆಣ್ಣುಮಕ್ಕಳ ಗುಪ್ತಾಂಗದಲ್ಲಿ ತುರಿಕೆ ಬಂದರೆ ಹೇಳಿಕೊಳ್ಳಲಾಗದು. ದವಾಖಾನೆಯಲ್ಲಿ ಮಲಗಿದವರ ರಕ್ತಕ್ಕೆ ನಳಿಗೆಯ ಮೂಲಕ ಇಳಿದರೆ ಜೀವವೇ ಹೋದೀತು.

ಗಿರಣಿ ಕಾಮಗಾರರ ತೊಡೆ ಸೊಂಟಗಳಲ್ಲಿ ಏಳುವ ಗಜಕರ್ಣ ಯೀಸ್ಟಲ್ಲ. ಅದು ಎಳೆಎಳೆಯಾಗಿ ಬೆಳೆಯುವ ಬೂಷ್ಟು, ಯೀಸ್ಟಿನ ದಾಯಾದಿ. ಆದರೆ ಎರಡಕ್ಕೂ ಮದ್ದಿನ ಪೇಟೆ ಒಂದೇ, ಮದ್ದು ಸೋಲುವ ಬಗೆಯೂ ಒಂದೇ. ಆದ್ದರಿಂದ ತಾಯಿ ಮಗ ಇಬ್ಬರ ಕಥೆಯನ್ನೂ ಕೂಡಿಯೇ ಹೇಳುತ್ತೇವೆ.

ಮದ್ದು ಏಕೆ ನಾಟುವುದಿಲ್ಲ?

ಯೀಸ್ಟಿನ ಮೈಗೆ ತೆಳುವಾದ ಪೊರೆಯೊಂದಿದೆ. ನಮ್ಮ ಜೀವಕಣಗಳ ಪೊರೆಯಲ್ಲಿ ಕೊಲೆಸ್ಟರಾಲ್ ಇರುವಂತೆ ಅದರ ಪೊರೆಯಲ್ಲಿ ಎರ್ಗೊಸ್ಟೆರಾಲ್ ಎಂಬ ಕೊಬ್ಬು ಇರುತ್ತದೆ. ಈ ಕೊಬ್ಬನ್ನು ತಯಾರಿಸಲು ಕಣದೊಳಗೆ ಒಂದು ಕಾರ್ಖಾನೆಯೇ ನಡೆದಿರುತ್ತದೆ. ಒಂದೊಂದು ಯಂತ್ರ ಒಂದೊಂದು ಕೆಲಸ ಮಾಡಿ ಮುಂದಿನದಕ್ಕೆ ದಾಟಿಸುತ್ತದೆ. ಫ್ಲುಕೊನಜೋಲ್ ಎಂಬ ಗುಳಿಗೆ ಇವುಗಳಲ್ಲಿ ಒಂದು ಯಂತ್ರದ ಬಾಯಿಗೆ ಹೋಗಿ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ಯಂತ್ರ ನಿಂತರೆ ಪೊರೆ ಕೆಡುತ್ತದೆ, ಯೀಸ್ಟಿನ ಬೆಳೆವಣಿಗೆ ನಿಲ್ಲುತ್ತದೆ.

ಯಂತ್ರಕ್ಕೆ ನಕ್ಷೆ ಬೇಕಷ್ಟೆ. ಆ ನಕ್ಷೆಗೆ ಜೀನು ಎಂದು ಹೆಸರು. ಈ ಯಂತ್ರದ ಜೀನಿಗೆ ಇಆರ್‌ಜಿ 11 ಎನ್ನುತ್ತಾರೆ. ಕಣವು ಎರಡಾಗಿ ಒಡೆಯುವಾಗಲೆಲ್ಲ ನಕ್ಷೆಯ ನಕಲು ತೆಗೆಯಬೇಕು. ಕೋಟಿ ಕೋಟಿ ನಕಲುಗಳಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುವುದು ಸಹಜ. ಯಂತ್ರವು ಮಣಿಗಳನ್ನು ಪೋಣಿಸಿದ ಸರದಂತಿದೆ. ಅದರ 132ನೆಯ ಮಣಿ ಟೈರೋಸಿನ್ ಇರಬೇಕಾದಲ್ಲಿ ಫಿನೈಲ್‌ಅಲನಿನ್ ಆದರೆ ಬೆಣೆ ಮೊದಲಿನಂತೆ ಕೂಡ್ರುವುದಿಲ್ಲ. ಯಂತ್ರ ಮಾತ್ರ ಓಡುತ್ತಲೇ ಇರುತ್ತದೆ. 143ನೆಯ ಮಣಿ ಬದಲಾದರೂ ಹಾಗೆಯೇ.

ಎರಡನೆಯ ಉಪಾಯ, ಯಂತ್ರಗಳ ಸಂಖ್ಯೆಯನ್ನೇ ಹೆಚ್ಚಿಸುವುದು. ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಸಾಮಾನ್ಯ ಯೀಸ್ಟಿನ ಕೆಲವು ತಳಿಗಳು 5ನೆಯ ವರ್ಣತಂತುವಿನ ಒಂದು ತೋಳನ್ನೇ ಇಮ್ಮಡಿ ಮಾಡಿಕೊಂಡಿರುವುದನ್ನು ವಿಜ್ಞಾನಿಗಳು 2006ರಲ್ಲಿ ತೋರಿಸಿದರು. ಇಆರ್‌ಜಿ 11 ಇರುವುದು ಅದೇ ತೋಳಿನ ಮೇಲೆ. ಹತ್ತು ಯಂತ್ರ ನಿಲ್ಲಿಸುವ ಬೆಣೆಗಳಿಂದ ಇಪ್ಪತ್ತು ಯಂತ್ರ ನಿಲ್ಲುವವೇ?

ಮೂರನೆಯದು, ಒಳಗೆ ಬಂದ ಮದ್ದನ್ನು ಎತ್ತಿ ಹೊರಗೆ ಚೆಲ್ಲುವ ಪಂಪು. ಪಂಪು ಎಲ್ಲ ಯೀಸ್ಟಿನಲ್ಲಿಯೂ ಇರುವುದೇ; ಯಾವಾಗ ಚಾಲೂ ಮಾಡಬೇಕು, ಯಾವಾಗ ಬಂದು ಮಾಡಬೇಕೆಂದು ಹೇಳುವ ಮೇಸ್ತ್ರಿ ಜೀನು ಬೇರೆ ಇದೆ. ಅದರ ಹೆಸರು ಟಿಎಸಿ 1. ಆ ಮೇಸ್ತ್ರಿಯ ನಕ್ಷೆಯಲ್ಲಿ ಒಂದು ಅಕ್ಷರ ತಪ್ಪಿದರೆ ಅವನಿಗೆ “ಬಂದು ಮಾಡು” ಎನ್ನುವ ಮಾತೇ ಮರೆತುಹೋಗುತ್ತದೆ. ಪಂಪು ಹಗಲಿರುಳು ಓಡುತ್ತದೆ. ವಿಚಿತ್ರವೆಂದರೆ ಈ ಮೇಸ್ತ್ರಿಯೂ ಅದೇ 5ನೆಯ ವರ್ಣತಂತುವಿನ ಅದೇ ತೋಳಿನ ಮೇಲೆಯೇ ಕುಳಿತಿದ್ದಾನೆ. ತೋಳು ಇಮ್ಮಡಿಯಾದರೆ ಯಂತ್ರವೂ ಇಮ್ಮಡಿ, ಮೇಸ್ತ್ರಿಯೂ ಇಮ್ಮಡಿ.

ಮದ್ದು ಕಲಿಸುವುದಿಲ್ಲ, ಆರಿಸುತ್ತದೆ

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಕಿತ್ತು ಹಾಕಬೇಕಾಗಿದೆ. “ಕುಡುಕನಿಗೆ ಸೆರೆ ರೂಢಿಯಾದಂತೆ ರೋಗಕ್ಕೆ ಔಷಧಿ ರೂಢಿಯಾಯಿತು” ಎಂದು ಜನ ಅನ್ನುತ್ತಾರೆ. ಹಾಗಲ್ಲ. ಅಕ್ಷರ ತಪ್ಪಿದ ಕಣ ಮದ್ದು ಬರುವ ಮೊದಲೇ ಹುಟ್ಟಿರಬಹುದು. ಮದ್ದು ಅದಕ್ಕೆ ಏನನ್ನೂ ಕಲಿಸಲಿಲ್ಲ. ಉಳಿದವರನ್ನು ತಡೆದು ಅದಕ್ಕೆ ಹೊಲ ಬಿಟ್ಟುಕೊಟ್ಟಿತು.

1952ರಲ್ಲಿ ಅಮೆರಿಕದ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿಗಳು ಇದನ್ನು ಮಖಮಲ್ಲಿನ ತುಂಡಿನಿಂದ ಸಿದ್ಧಮಾಡಿ ತೋರಿಸಿದರು. ಬಟ್ಟಲಲ್ಲಿ ಬೆಳೆದ ಬ್ಯಾಕ್ಟೀರಿಯಾಗಳ ಮೇಲೆ ಮಖಮಲ್ಲು ಒತ್ತಿದರು. ಅದರ ನೂಲಿನ ತುದಿಗಳಿಗೆ ಹತ್ತಿಕೊಂಡದ್ದನ್ನು ಮದ್ದಿರುವ ಬಟ್ಟಲುಗಳ ಮೇಲೆ ಅಚ್ಚು ಹಾಕಿದರು. ಬದುಕುಳಿದವು ಪ್ರತಿ ಬಟ್ಟಲಿನಲ್ಲಿಯೂ ಅದೇ ಅದೇ ಸ್ಥಳದಲ್ಲಿದ್ದವು. ಮೂಲ ಬಟ್ಟಲಿನ ಆ ಸ್ಥಳದಲ್ಲಿದ್ದವು ಮದ್ದನ್ನು ಕಂಡೇ ಇರಲಿಲ್ಲ, ಆದರೂ ಅವುಗಳಲ್ಲಿ ಮದ್ದಿಗೆ ಬಗ್ಗದವು ಆಗಲೇ ಇದ್ದವು. ಗಿರಣಿಯ ಬಟ್ಟೆಯ ತುಂಡೊಂದು ದೊಡ್ಡ ವಾದವನ್ನು ತೀರಿಸಿತು.

ನಮ್ಮ ಎಡಪಂಥದವರೂ ಇದನ್ನು ನೆನಪಿಡಬೇಕು. ರಶಿಯಾದಲ್ಲಿ ಲೈಸೆಂಕೊ ಎಂಬಾತ ಜೀನುಗಳ ಶಾಸ್ತ್ರವನ್ನೇ ಬಂಡವಾಳಗಾರರ ಕಟ್ಟುಕಥೆಯೆಂದು ಜರೆದ. 1948ರಲ್ಲಿ ಸರಕಾರ ಅವನ ಬೆನ್ನಿಗೆ ನಿಂತಿತು. ಅದಕ್ಕೂ ಮೊದಲೇ, 1943ರಲ್ಲಿ, ವಾವಿಲೋವ್‌ರಂಥ ದೊಡ್ಡ ವಿಜ್ಞಾನಿ ಸೆರೆಮನೆಯಲ್ಲಿ ಪ್ರಾಣಬಿಟ್ಟಿದ್ದರು. ಸತ್ಯವನ್ನು ಪಕ್ಷದ ಠರಾವಿನಿಂದ ಬದಲಿಸಹೋದರೆ ಹೊಲವೂ ಕೆಡುತ್ತದೆ, ಜನರೂ ಸಾಯುತ್ತಾರೆ. ಜೀನುಗಳ ಶಾಸ್ತ್ರ ದುಡಿಯುವವರ ಶತ್ರುವಲ್ಲ. ಸರಿಯಾಗಿ ಓದಿದರೆ ಅದು ನಮ್ಮ ಪರವಾದ ಸಾಕ್ಷಿ.

ಹೇಗೆಂದರೆ, ಮದ್ದು ಆರಿಸುತ್ತದೆಂದಾದ ಮೇಲೆ ಕೇಳಬೇಕಾದ ಪ್ರಶ್ನೆ “ಯಾರು ಜಳಕ ಮಾಡಲಿಲ್ಲ?” ಎಂಬುದಲ್ಲ. “ಯಾವ ಮದ್ದನ್ನು, ಎಷ್ಟು, ಎಲ್ಲೆಲ್ಲಿ, ಯಾರು, ಯಾವ ಲಾಭಕ್ಕಾಗಿ ಚೆಲ್ಲಿದರು?” ಎಂಬುದು.

ಚೆಲ್ಲಿದವರು ಯಾರು?

ಮೊದಲು ಕಾಮಗಾರರ ಕಿಸೆಯ ಟ್ಯೂಬನ್ನೇ ನೋಡೋಣ. ಅದರಲ್ಲಿ ಬೂಷ್ಟಿನ ಮದ್ದು ಇದೆ. ಜೊತೆಗೆ ಬ್ಯಾಕ್ಟೀರಿಯಾದ ಮದ್ದು ಇದೆ. ಅದರ ಜೊತೆಗೆ ಸ್ಟಿರಾಯ್ಡೂ ಇದೆ. ಸ್ಟಿರಾಯ್ಡು ತುರಿಕೆಯನ್ನು ಒಂದೆರಡು ದಿನಗಳಲ್ಲಿಯೇ ಅಡಗಿಸುತ್ತದೆ. ಆದರೆ ಚರ್ಮದ ಕಾವಲನ್ನೂ ಅಡಗಿಸುತ್ತದೆ. ಕೆಂಪು ಹೋಯಿತು, ತುರಿಕೆ ನಿಂತಿತು, ರೋಗಿ ಗುಣವಾಯಿತೆಂದು ಬಿಟ್ಟ. ಬೂಷ್ಟು ಮಾತ್ರ ಒಳಗೊಳಗೇ ಹಬ್ಬಿತು. ಮನೆಯ ನಾಯಿಯ ಬಾಯಿಗೆ ಬಟ್ಟೆ ಕಟ್ಟಿ ಕಳ್ಳನನ್ನು ಕಾಯಲು ಬಿಟ್ಟಂತೆ ಇದು.

ಸರಕಾರಕ್ಕೆ ಇದು ಗೊತ್ತಿರಲಿಲ್ಲವೆನ್ನುವಂತಿಲ್ಲ. 2018ರ ಮಾರ್ಚಿನಲ್ಲಿ ಕೇಂದ್ರ ಸರಕಾರ 14 ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಎಚ್ ಅನುಸೂಚಿಗೆ ಸೇರಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ 328 ಬೆರಕೆ ಔಷಧಿಗಳನ್ನು ನಿಷೇಧಿಸಿತು. ಅವುಗಳಲ್ಲಿ ಇಂಥ ಮುಲಾಮುಗಳೂ ಇದ್ದವು. ಕಾಗದ ಚೆನ್ನಾಗಿತ್ತು. ಆದರೆ ಒಂದು ಬೆರಕೆ ಹೋದರೆ ಇನ್ನೊಂದು ಬೆರಕೆ ಬರುತ್ತದೆ. ಕಲ್ಲೋಳಿಯ ಕಾಮಗಾರರಿಗೆ ಯಾವ ಚೀಟಿಯನ್ನೂ ಯಾರೂ ಕೇಳಲಿಲ್ಲ.

ಫಲವೇನು? ಭಾರತದ ಗಜಕರ್ಣದಲ್ಲಿ ಟರ್ಬಿನಾಫಿನ್ ಎಂಬ ಮುಖ್ಯ ಮದ್ದಿಗೆ ಬಗ್ಗದ ತಳಿಯೊಂದು ಹಬ್ಬಿತು. ಆ ಮದ್ದು ತಡೆಯಬೇಕಾದ ಯಂತ್ರದ ಜೀನಿನಲ್ಲಿಯೇ ಅಕ್ಷರ ಬದಲಾಗಿರುವುದು ಕಂಡುಬಂತು. 2020ರಲ್ಲಿ ಜಪಾನಿನ ಸಂಶೋಧಕರು, ಅಲ್ಲಿದ್ದ ಭಾರತೀಯ ಮತ್ತು ನೇಪಾಳಿ ರೋಗಿಗಳಿಂದ ದೊರೆತ ಈ ಬೂಷ್ಟಿಗೆ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ನಮ್ಮ ದೇಶದ ಹೆಸರು ಹೀಗೆ ಜಗತ್ತಿನ ಪುಸ್ತಕಕ್ಕೆ ಏರಿತು!

ಇನ್ನು ದವಾಖಾನೆ. 2009ರಲ್ಲಿ ಟೋಕಿಯೋದ ವೃದ್ಧೆಯೊಬ್ಬರ ಕಿವಿಯಲ್ಲಿ ದೊರೆತ ಹೊಸ ಯೀಸ್ಟಿಗೆ ಕ್ಯಾಂಡಿಡಾ ಆರಿಸ್ ಎಂದು ಹೆಸರಾಯಿತು. ಆರಿಸ್ ಎಂದರೆ ಲ್ಯಾಟಿನಿನಲ್ಲಿ ಕಿವಿ. 2013ರಲ್ಲಿ ದೆಹಲಿಯ ಎರಡು ಆಸ್ಪತ್ರೆಗಳ 12 ರೋಗಿಗಳಲ್ಲಿ ಅದು ಕಂಡುಬಂದ ವರದಿ ಬಂತು. 2017ರಲ್ಲಿ ಪ್ರಕಟವಾದ ಲೆಕ್ಕದಂತೆ, ದೇಶದ 27 ತೀವ್ರ ನಿಗಾ ಘಟಕಗಳಲ್ಲಿ ರಕ್ತಕ್ಕೆ ಕ್ಯಾಂಡಿಡಾ ಇಳಿದ 1400 ರೋಗಿಗಳ ಪೈಕಿ 74 ಜನರಲ್ಲಿ ಇದ್ದದ್ದು ಈ ಯೀಸ್ಟು. ಸರಕಾರಿ ಆಸ್ಪತ್ರೆಗಳಲ್ಲಿ ಹೆಚ್ಚು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರೋಗಕಾರಕ ಶಿಲೀಂಧ್ರಗಳ ಪಟ್ಟಿ ಹೊರಡಿಸಿದಾಗ ಅತ್ಯಂತ ಗಂಭೀರವೆಂದ ನಾಲ್ಕರಲ್ಲಿ ಇದೂ ಒಂದು.

2017ರಲ್ಲಿಯೇ ಭಾರತ, ಪಾಕಿಸ್ತಾನ, ದಕ್ಷಿಣ ಆಫ್ರಿಕಾ, ವೆನೆಜುವೆಲಾಗಳ 54 ರೋಗಿಗಳ ಯೀಸ್ಟನ್ನು ಹೋಲಿಸಿದರು. ನೂರಕ್ಕೆ 93 ಫ್ಲುಕೊನಜೋಲಿಗೆ ಬಗ್ಗಲಿಲ್ಲ. 35 ಆಂಫೊಟೆರಿಸಿನ್‌ಗೆ ಬಗ್ಗಲಿಲ್ಲ. ಎಕೈನೊಕ್ಯಾಂಡಿನ್ ಔಷಧಿಗಳಿಗೂ 7 ಬಗ್ಗಲಿಲ್ಲ. ಜೀನುಗಳನ್ನು ಓದಿದಾಗ ಇನ್ನೊಂದು ಸಂಗತಿ ಹೊರಬಿತ್ತು: ಒಂದೊಂದು ಭೂಭಾಗದ ತಳಿ ಬೇರೆ ಬೇರೆ, ಆದರೆ ಒಂದೇ ಭಾಗದವು ಒಡಹುಟ್ಟಿದವರಂತೆ ಒಂದೇ ತೆರ. ಎಂದರೆ ಮದ್ದಿನ ಒತ್ತಡವಿರುವಲ್ಲಿ ಬೇರೆ ಬೇರೆ ಮೂಲೆಗಳಲ್ಲಿ ಪ್ರತ್ಯೇಕವಾಗಿ ಅದು ತಲೆಯೆತ್ತಿದೆ. ತಲೆಯೆತ್ತಿದ ಮೇಲೆ ಹಾಸಿಗೆಯಿಂದ ಹಾಸಿಗೆಗೆ, ಕೈಯಿಂದ ಕೈಗೆ ದಾಟಿದೆ. ಹತ್ತು ಹಾಸಿಗೆಗೆ ಒಬ್ಬಳೇ ನರ್ಸ್ ಇರುವಲ್ಲಿ ಆಕೆ ಎಷ್ಟು ಸಲ ಕೈ ತೊಳೆದಾಳು? ಇದು ರೋಗಿಯ ಮನೆಯ ಕೊಳಕೇ, ಅಥವಾ ನರ್ಸುಗಳ ಹುದ್ದೆ ತುಂಬದ ಖಜಾನೆಯ ಜಿಪುಣತನವೇ?

ಮೂರನೆಯದು ಹೊಲ. ಅರಿಶಿನದ ಎಲೆಚುಕ್ಕೆಗೆ ಹೊಡೆಯುವ ಪ್ರೊಪಿಕೊನಜೋಲ್, ದ್ರಾಕ್ಷಿಗೆ ಹೊಡೆಯುವ ಟೆಬುಕೊನಜೋಲ್ ಇವು ನಮ್ಮ ಫ್ಲುಕೊನಜೋಲಿನ ಬಳಗದವೇ. ಅದೇ ಯಂತ್ರಕ್ಕೆ ಹೊಡೆಯುವ ಬೆಣೆಗಳೇ. 2022ರಲ್ಲಿ ಪ್ರಕಟವಾದ ಉತ್ತರ ಭಾರತದ ಅಧ್ಯಯನವೊಂದರಲ್ಲಿ ಸಂಗ್ರಹಿಸಿಟ್ಟ ಸೇಬು ಹಣ್ಣುಗಳ ಮೇಲೆಯೇ ಕ್ಯಾಂಡಿಡಾ ಆರಿಸ್ ದೊರೆಯಿತು. ಆಗತಾನೆ ಗಿಡದಿಂದ ಕಿತ್ತ ಹಣ್ಣುಗಳ ಮೇಲೆ ದೊರೆಯಲಿಲ್ಲ. ರೈತನನ್ನು ಬೈಯಲು ಇದನ್ನು ಹೇಳುತ್ತಿಲ್ಲ. ರೋಗ ಬಿದ್ದ ಬೆಳೆಯನ್ನು ಅವನು ನೋಡುತ್ತ ಕೂಡ್ರಲಾರ. ಆದರೆ ಹೊಲದ ಮದ್ದಿಗೆ ಒಂದು ಖಾತೆ, ಮೈಯ ಮದ್ದಿಗೆ ಇನ್ನೊಂದು ಖಾತೆ, ಎರಡೂ ಖಾತೆಗಳು ಒಂದರ ಮುಖ ಇನ್ನೊಂದು ನೋಡುವುದಿಲ್ಲವೆಂದರೆ ಇದು ಯಾವ ಸೀಮೆಯ ಆಡಳಿತ?

“ಕಾಮಗಾರ ಅರ್ಧಕ್ಕೆ ಬಿಡುತ್ತಾನೆ”

ನಮ್ಮ ವಿರೋಧಿಗಳ ಕೊನೆಯ ಬಾಣ ಇದು. ಹೌದು, ಬಿಡುತ್ತಾನೆ. ಮದ್ದನ್ನು ಅರ್ಧಕ್ಕೆ ಬಿಟ್ಟರೆ ಅರೆಬರೆ ಬಗ್ಗದ ಕಣಗಳು ಉಳಿದು ಬೆಳೆಯುತ್ತವೆಂಬುದೂ ನಿಜ. ಆದರೆ ಏಕೆ ಬಿಡುತ್ತಾನೆ? ವಾರಗಟ್ಟಲೆ ನಡೆಯಬೇಕಾದ ಔಷಧಿಯನ್ನು ಪಗಾರದ ದಿನ ಎಣಿಸಿ ಕೊಳ್ಳುವವನಿಗೆ, ಸ್ಟಿರಾಯ್ಡು ಮೂರು ದಿನಕ್ಕೇ “ಗುಣವಾಯಿತು” ಎಂದು ಸುಳ್ಳು ಹೇಳಿದರೆ ಅವನು ಬಿಡದೆ ಇನ್ನೇನು ಮಾಡಿಯಾನು? ನೂಲು ಹರಿಯದಿರಲೆಂದು ಗಿರಣಿಯ ಹವೆಯನ್ನು ತೇವವಾಗಿ ಇಡುತ್ತಾರೆ. ನೂಲಿಗೆ ಹಿತವಾದ ಆ ತೇವ ಬೂಷ್ಟಿಗೂ ಹಿತ. ಪಾಳಿ ಮುಗಿಯುವವರೆಗೆ ಬೆವರಿದ ಅಂಗಿಯಲ್ಲಿಯೇ ನಿಲ್ಲುವವನಿಗೆ ಸ್ವಚ್ಛತೆಯ ಭಾಷಣ ಮಾಡುವವರು, 1948ರ ಕಾರ್ಖಾನೆ ಕಾಯ್ದೆಯ 42 ಮತ್ತು 43ನೆಯ ಕಲಮುಗಳು ಮೈ ತೊಳೆಯುವ ಅನುಕೂಲವನ್ನೂ ಬಟ್ಟೆ ಒಣಗಿಸುವ ಜಾಗವನ್ನೂ ಹೇಳಿದ್ದವೆಂಬುದನ್ನು ಮೊದಲು ಓದಲಿ. ಕಾಯ್ದೆಗಳ ಹೆಸರು ಬದಲಾಗಬಹುದು. ಕಾಮಗಾರನ ಬೆವರು ಬದಲಾಗಿಲ್ಲ.

ಔಷಧಿ ಅಂಗಡಿಯ ಸಣ್ಣ ವ್ಯಾಪಾರಸ್ಥರಿಗೂ ಒಂದು ಮಾತು. ನೀವು ನಮ್ಮ ವೈರಿಗಳಲ್ಲ. ಟ್ಯೂಬನ್ನು ನೀವು ತಯಾರಿಸಲಿಲ್ಲ. ಹತ್ತು ತೆಗೆದುಕೊಂಡರೆ ಒಂದು ಪುಕ್ಕಟೆಯೆಂದು ನಿಮ್ಮ ಕಟ್ಟೆಗೆ ಬಂದು ಇಳಿಸಿ ಹೋಗುವವರು ಬೇರೆ. ದಾಳಿಯಾದಾಗ ಕೈಗೆ ಕೋಳ ಬೀಳುವುದು ನಿಮಗೆ. ಆದರೂ ಗಿರಾಕಿಯ ಮೈ ನಿಮ್ಮ ನೆರೆಯವನ ಮೈ ಎಂಬುದನ್ನು ಮರೆಯಬೇಡಿರಿ. “ಇದರಾಗ ಸ್ಟಿರಾಯ್ಡ್ ಐತಿ, ಚೀಟಿ ತರ್ರಿ” ಎಂಬ ಒಂದು ಮಾತು ನಾಲ್ಕಾಣೆಯ ಲಾಭವನ್ನು ಕಳೆದೀತು, ಊರಿನ ಮರ್ಯಾದೆಯನ್ನು ಗಳಿಸೀತು.

ಬೇರೆ ದಾರಿಯೂ ಇತ್ತು

ಲಾಭದ ಆಸೆ ಇಲ್ಲದಿದ್ದರೆ ಔಷಧಿಯೇ ಹುಟ್ಟುತ್ತಿರಲಿಲ್ಲವೆಂದು ಹೇಳುವವರಿಗೆ ಎರಡು ಸಂಗತಿ ಹೇಳುತ್ತೇವೆ. 1950ರಲ್ಲಿ ಎಲಿಜಬೆತ್ ಹೇಜನ್, ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು ನಿಸ್ಟಾಟಿನ್ ಎಂಬ ಯೀಸ್ಟಿನ ಮದ್ದನ್ನು ಜಗತ್ತಿಗೆ ತಿಳಿಸಿದರು. ಅವರು ದುಡಿಯುತ್ತಿದ್ದುದು ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಪ್ರಯೋಗಶಾಲೆಯಲ್ಲಿ. ಮದ್ದಿಗೆ ಆ ರಾಜ್ಯದ ಹೆಸರನ್ನೇ ಇಟ್ಟರು. ಬಂದ ಗೌರವಧನದಲ್ಲಿ ಒಂದು ಕಾಸನ್ನೂ ಮುಟ್ಟದೆ ವಿಜ್ಞಾನದ ಕೆಲಸಕ್ಕೆ ಬಿಟ್ಟುಕೊಟ್ಟರು.

ಎರಡನೆಯದು ನಮ್ಮವರದು. 1954ರಲ್ಲಿ ಪುಣೆಯ ಬಳಿ ಪಿಂಪ್ರಿಯಲ್ಲಿ ಸರಕಾರದ ಹಿಂದುಸ್ಥಾನ್ ಆ್ಯಂಟಿಬಯೋಟಿಕ್ಸ್ ಕಾರ್ಖಾನೆ ಎದ್ದಿತು. ಅದರ ಸಂಶೋಧನ ವಿಭಾಗದ ಮುಖ್ಯಸ್ಥರಾಗಿದ್ದವರು ಕನ್ನಡ ನಾಡಿನಲ್ಲಿ ಹುಟ್ಟಿದ ಎಂ. ಜೆ. ತಿರುಮಲಾಚಾರ್ (1914–1999). 1960ರ ದಶಕದ ಆರಂಭದಲ್ಲಿ ಅವರೂ ಅವರ ಜೊತೆಗಾರರೂ ಮಣ್ಣಿನ ಜೀವಿಯಿಂದ ಹ್ಯಾಮೈಸಿನ್ ಎಂಬ ಬೂಷ್ಟಿನ ಮದ್ದನ್ನು ತೆಗೆದರು. ನಿಸ್ಟಾಟಿನ್, ಹ್ಯಾಮೈಸಿನ್ ಎರಡೂ ಒಂದೇ ವರ್ಗದವು. ಇವು ಯಂತ್ರದ ಗೊಡವೆಗೆ ಹೋಗದೆ ಎರ್ಗೊಸ್ಟೆರಾಲಿಗೇ ನೇರವಾಗಿ ಹತ್ತಿಕೊಳ್ಳುತ್ತವೆ. ತನ್ನ ಪೊರೆಯ ಕೊಬ್ಬನ್ನೇ ಬದಲಿಸಿಕೊಂಡು ಬದುಕುವುದು ಯೀಸ್ಟಿಗೂ ಕಷ್ಟ. ಆದ್ದರಿಂದ ಈ ವರ್ಗದ ಮದ್ದಿಗೆ ಬಗ್ಗದವು ಸಾಮಾನ್ಯವಾಗಿ ವಿರಳ, ಆರಿಸ್‌ನಂಥದ್ದು ಅಪವಾದ. ಸಾರ್ವಜನಿಕ ಕಾರ್ಖಾನೆ ಇಷ್ಟು ಮಾಡಿ ತೋರಿಸಿತ್ತು. ಅಂಥ ಕಾರ್ಖಾನೆಗಳನ್ನು ಸೊರಗಲು ಬಿಟ್ಟದ್ದರ ಬೆಲೆಯನ್ನು 2021ರ ಮೇ ತಿಂಗಳಲ್ಲಿ ತೆತ್ತೆವು. ಕಪ್ಪು ಶಿಲೀಂಧ್ರದ ರೋಗ ಹಬ್ಬಿದಾಗ ಆಂಫೊಟೆರಿಸಿನ್ನಿನ ಒಂದೊಂದು ಸೀಸೆಗಾಗಿ ಜನ ಊರೂರು ಅಲೆದರು.

ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದವರು ಕ್ಯಾಂಡಿಡಾ ಆರಿಸ್‌ನ ಏಳೂ ವರ್ಣತಂತುಗಳನ್ನು ಬಿಚ್ಚಿ ಓದಿ 2021ರಲ್ಲಿ ಪ್ರಕಟಿಸಿದ್ದಾರೆ. ಇದು ಹೆಮ್ಮೆಯ ಮಾತು. ಆದರೆ ಅದೇ ರಾಜ್ಯದ ಕಾಮಗಾರನೊಬ್ಬ ನಾಲ್ಕು ಟ್ಯೂಬು ಹಚ್ಚಿಕೊಂಡರೂ ಅವನ ಚರ್ಮದ ಹೊಟ್ಟನ್ನು ಒಮ್ಮೆಯೂ ಕೆರೆದು ಕಾಜಿನ ಮೇಲಿಟ್ಟು ನೋಡಿದವರಿಲ್ಲ. ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಒಂದು ಸೂಕ್ಷ್ಮದರ್ಶಕ, ಕೆಲವು ನಿಮಿಷ ಸಾಕು. ಬೂಷ್ಟು ಇದೆಯೋ ಇಲ್ಲವೋ ಕಾಣುತ್ತದೆ.

ಆದ್ದರಿಂದ ನಮ್ಮ ಬೇಡಿಕೆಗಳು ಇವು:

1. ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಚರ್ಮದ ಹೊಟ್ಟನ್ನು ಸೂಕ್ಷ್ಮದರ್ಶಕದಲ್ಲಿ ಪುಕ್ಕಟೆಯಾಗಿ ನೋಡಬೇಕು. ಗುಣವಾಗದ ರೋಗಿಯ ಬೂಷ್ಟನ್ನು ಜಿಲ್ಲಾ ಪ್ರಯೋಗಶಾಲೆಯಲ್ಲಿ ಬೆಳೆಸಿ, ಯಾವ ಮದ್ದಿಗೆ ಬಗ್ಗುತ್ತದೆಂಬ ಉತ್ತರವನ್ನು ಊರಿಗೇ ತಿರುಗಿ ಕಳಿಸಬೇಕು.

2. ಬೆರಕೆಯಿಲ್ಲದ ಮದ್ದನ್ನು ಅರ್ಧವಲ್ಲ, ಪೂರ್ತಿ ಅವಧಿಗೆ ಸರಕಾರಿ ದವಾಖಾನೆಯಿಂದ ಕೊಡಬೇಕು.

3. ಸ್ಟಿರಾಯ್ಡ್ ಬೆರಕೆಯ ಮುಲಾಮುಗಳನ್ನು ತಯಾರಾಗುವಲ್ಲಿಯೇ ತಡೆಯಬೇಕು. ಸಣ್ಣ ಅಂಗಡಿಯ ಕಪಾಟಿನಲ್ಲಿ ಅಲ್ಲ.

4. ಕೃಷಿ ಇಲಾಖೆ, ಆರೋಗ್ಯ ಇಲಾಖೆಗಳು ಕೂಡಿ ಕುಳಿತು, ಹೊಲಕ್ಕೆ ಯಾವ ಮದ್ದು, ಮೈಗೆ ಯಾವ ಮದ್ದು ಎಂಬುದನ್ನು ಗೊತ್ತುಪಡಿಸಬೇಕು.

5. ನರ್ಸುಗಳ ಖಾಲಿ ಹುದ್ದೆ ತುಂಬಬೇಕು. ಗಿರಣಿಗಳಲ್ಲಿ ಮೈ ತೊಳೆಯುವ ನೀರು, ಬಟ್ಟೆ ಬದಲಿಸುವ ಜಾಗ, ಔಷಧೋಪಚಾರಕ್ಕೆ ಪಗಾರಿ ರಜೆ ಇರಬೇಕು.

ಕಾಮಗಾರ ಬಂಧುಗಳೇ, ಸರಕಾರ ಇವನ್ನು ಮಾಡುವವರೆಗೆ ಒಂದು ಕೆಲಸ ನಮ್ಮ ಕೈಯಲ್ಲಿಯೇ ಇದೆ. ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಿಸಿ ಕೇಳಿರಿ. ಬೀಟಾಮೆಥಸೋನ್, ಕ್ಲೊಬೆಟಸಾಲ್ ಎಂದಿದ್ದರೆ ಅದು ಸ್ಟಿರಾಯ್ಡು. ವೈದ್ಯರನ್ನು ಕೇಳದೆ ಹಚ್ಚಬೇಡಿರಿ. ಓದಲು ಬಾರದಿದ್ದರೆ ಸಂಘದ ಕಚೇರಿಗೆ ತನ್ನಿರಿ, ನಾವು ಓದಿ ಹೇಳುತ್ತೇವೆ. ಕಲ್ಲೋಳಿಯ ಕಾಮಗಾರರನ್ನೂ ಅವರ ತಾಯಿಯನ್ನೂ ಬರುವ ಸೋಮವಾರ ನಾವೇ ಜೊತೆಗೆ ಕರೆದುಕೊಂಡು ದವಾಖಾನೆಗೆ ಹೋಗಲಿದ್ದೇವೆ. ಚಪ್ಪಟೆಯಾದ ಆ ನಾಲ್ಕು ಟ್ಯೂಬುಗಳನ್ನು ವೈದ್ಯಾಧಿಕಾರಿಗಳ ಮೇಜಿನ ಮೇಲಿಟ್ಟು, ಹೊಟ್ಟನ್ನು ಕೆರೆದು ನೋಡಿರೆಂದು ಕೇಳುತ್ತೇವೆ. ಇಂಥ ಟ್ಯೂಬು ಕಿಸೆಯಲ್ಲಿರುವವರೆಲ್ಲರೂ ಬನ್ನಿರಿ.